ಕೊತ್ತಂಬರಿಗೆ ಎಷ್ಟು ಎಂಬಿ

ಬಂದರಿನ ಒಣಮೀನಿನ ಗಲ್ಲಿ ಮುಗಿಯುವಲ್ಲಿ
ನನ್ನ ಅಂಗಡಿ. ಆರಡಿ ಅಗಲ.
ಸಿಮ್ಮು, ಕವರು, ಚಾರ್ಜರು, ಒಡೆದ ಗಾಜಿಗೆ ಹೊಸ ಗಾಜು.
ನೇತ್ರಾವತಿ ಸೇತುವೆ ದಾಟಿದರೆ
ಅದೇ ನನಗೆ ಪರದೇಶ. ಆದರೂ
ಕುವೈತಿನ ದರ, ಕತಾರಿನ ದರ, ಜಿದ್ದಾದ ದರ
ಮಗ್ಗಿಯಂತೆ ಬಾಯಿಪಾಠ.

ಐತಪ್ಪ ಸಾಲಿಯಾನರು ಬಂದದ್ದು ಮಧ್ಯಾಹ್ನ ಮೂರಕ್ಕೆ,
ಉಗುರ ಸಂದಿಯಲ್ಲಿ ಅರಿಶಿನ.
"ಬಹರೈನಿಗೆ ಹೊರಟದ್ದು ಮಾರಾಯ್ತಿ, ಐದು ದಿವಸ.
ಮದುವೆ. ಆರುನೂರು ಜನ. ಕೋರಿ ಸುಕ್ಕ ನನ್ನದು.
ನೆಟ್ ಬೇಕಿತ್ತು. ಅಗ್ಗದ್ದು."

ಕಳೆದ ತಿಂಗಳ ಕ್ಯಾಲೆಂಡರ್ ಹಾಳೆಯ ಬೆನ್ನಿಗೆ ಬರೆದೆ:
ಇಲ್ಲಿಯ ಸಿಮ್ಮಿಗೇ ಹೊರದೇಶದ ಪ್ಯಾಕು, ಸುಲಭ,
ಐದು ದಿನಕ್ಕೆ ತೆಗೆದರೆ ನಿಮ್ಮ ಸಂಪಾದನೆಯ ಕಾಲಂಶ ಹೋಯ್ತು.
ಅಲ್ಲಿಯದೇ ಸಿಮ್ಮು ಅಗ್ಗ, ಪಾಸ್‌ಪೋರ್ಟು ಹಿಡಿದು ಕ್ಯೂ ನಿಲ್ಲಬೇಕು;
ನಿಲ್ಲಲಿಕ್ಕೆ ಬಿಡ್ತಾರಾ ಕರಕೊಂಡು ಹೋಗುವ ವ್ಯಾನಿನವರು?
ಸಿಮ್ಮೇ ಇಲ್ಲದ ಸಿಮ್ಮು ಅಂತ ಒಂದು ಬಂದಿದೆ ಈಗ,
ಚೌಕದ ಗುರುತಿಗೆ ಕ್ಯಾಮರಾ ಹಿಡಿದರೆ ಸಾಕು, ಒಳಗೆ ಇಳಿಯುತ್ತದೆ.
ನಿಮ್ಮ ಫೋನಿಗೆ ಅದು ಇಳಿಯುವುದಿಲ್ಲ,
ಅದರ ಹೊಟ್ಟೆಗೆ ರಬ್ಬರ್ ಬ್ಯಾಂಡು ಉಂಟು.

"ಎಂಥಕ್ಕೆ ಬೇಕು? ಪಿಚ್ಚರ್ ನೋಡ್ಲಿಕ್ಕಾ?"

ಆಚೀಚೆ ನೋಡಿದರು. ಒಣಮೀನು ತೂಗುವವನ ಬೆನ್ನು ಈಚೆಗಿತ್ತು.
"ಮಸಾಲೆ ಹುರಿಯುವಾಗ ವಾರಿಜನಿಗೆ ತೋರಿಸಬೇಕು.
ಮೆಣಸು ನನಗಾಗ್ತದೆ. ಕೊತ್ತಂಬರಿ ಯಾವಾಗ ಇಳಿಸುವುದು
ಅಂತ ಅವಳಿಗೆ ಮಾತ್ರ ಗೊತ್ತು.
ಇಪ್ಪತ್ತೆರಡು ವರ್ಷದಿಂದ ಹೆಸರು ನನ್ನದು.
ಯಾರಿಗೂ ಹೇಳಬೇಡ ಆಯ್ತಾ."

ಹಾಗಾದರೆ ಐದು ದಿನ ಯಾಕೆ?
ಮದುವೆಯ ಒಂದೇ ದಿನದ್ದು ಸಾಕು,
ಮಿಕ್ಕ ದಿನ ಹಾಲಿನ ವೈಫೈ.
ಹುರಿಯಲಿಕ್ಕೆ ಹನ್ನೆರಡು ನಿಮಿಷ, ಮಧ್ಯೆ ಕಡಿದರೆ ಇನ್ನಾರು,
ಗುಣಿಸಿದೆ, ಕೂಡಿಸಿದೆ, ಇರಲಿ ಅಂತ ಸ್ವಲ್ಪ ಎಸೆದೆ ಮೇಲೆ.
ಭಾವನವರ ಗುಡ್ ಮಾರ್ನಿಂಗ್ ಗುಲಾಬಿಗಳು
ತಾವೇ ಇಳಿಯುತ್ತಿದ್ದುವು, ಅದನ್ನು ನಿಲ್ಲಿಸಿದೆ.
ಒಂದೊಂದು ಗುಲಾಬಿಗೂ ಹೊಟ್ಟೆ ಉಂಟು.

ಎಂಟನೆಯ ದಿನ ಬಂದರು, ಕೈಯಲ್ಲಿ ಸ್ಟೀಲಿನ ಡಬ್ಬಿ.

"ಅಲ್ಲಿ ಬೆಳಗಿನ ಜಾವ ಮೂರು. ಇವಳಿಗೆ ಐದೂವರೆ.
ಅಡುಗೆಮನೆಯ ಟ್ಯೂಬ್‌ಲೈಟು ನೀಲಿ ನೀಲಿ.
ವೀಡಿಯೊದಲ್ಲಿ ಕೊತ್ತಂಬರಿ ಒಮ್ಮೆ ಬೂದಿ, ಒಮ್ಮೆ ಚಿನ್ನ.
ಇವಳು ಬೈದಳು:
ಸುಳ್ಳು ಹೇಳ್ತದೆ ನಿಮ್ಮ ಫೋನು, ಮುಚ್ಚಿ ಅದರ ಕಣ್ಣು.
ಬಾಣಲೆಯ ಹತ್ತಿರ ಹಿಡೀರಿ. ನಾನು ಕೇಳ್ತೇನೆ."

ಹಿಡಿದರಂತೆ. ಕೈ ಸುಡುವಷ್ಟು ಹತ್ತಿರ.
ಇತ್ತ ಬೋಳಾರದಲ್ಲಿ ವಾರಿಜಕ್ಕ
ನಲ್ಲಿ ನಿಲ್ಲಿಸಿ, ಫ್ಯಾನು ನಿಲ್ಲಿಸಿ,
ಪಕ್ಕದ ಮನೆಯ ರೇಡಿಯೊಕ್ಕೂ ಗೋಡೆ ಬಡಿದು,
ಕಿವಿಗೊಟ್ಟು ನಿಂತರಂತೆ.
ಮೊದಲು ಚಟಪಟ. ಆಮೇಲೆ ಬಿಟ್ಟು ಬಿಟ್ಟು.
ಆಮೇಲೆ ಹೊಯಿಗೆ ಸುರಿದ ಹಾಗೆ ಬರೀ ಸರ ಸರ.
"ಇಳಿಸಿ."

ಫೋನು ಇಸಕೊಂಡು ನೋಡಿದೆ.
ಖರ್ಚಾದದ್ದು ಮೂವತ್ತೊಂದು ಎಂಬಿ.

"ಉಳಿದದ್ದು ವಾಪಸ್ ಬರ್ತದಾ?"
ಇಲ್ಲ, ಅದು ಅವತ್ತು ರಾತ್ರಿಯೇ ಸತ್ತಿತು.
"ಇದಕ್ಕಿಂತ ಸಣ್ಣ ಪ್ಯಾಕು ಇರಲಿಲ್ವಾ?"
ಇದೇ ಸಣ್ಣದು.

ಸುಮ್ಮನೆ ನಿಂತರು. ಡಬ್ಬಿಯನ್ನು ನನ್ನತ್ತ ಸರಿಸಿದರು,
ವಾರಿಜ ಕೊಟ್ಟದ್ದು, ತಿಂದು ಡಬ್ಬಿ ತೊಳೆದಿಡು.
ಮೆಟ್ಟಿಲು ಇಳಿದವರು ಮತ್ತೆ ಹತ್ತಿದರು.
"ದಶಂಬರದಲ್ಲಿ ದೋಹಾಕ್ಕೆ ಕರೆ ಉಂಟು.
ಅಲ್ಲ, ಒಂದು ಪಾಸ್‌ಪೋರ್ಟು ಮಾಡಿಸ್ಲಿಕ್ಕೆ ಎಷ್ಟಾಗ್ತದೆ?
ನನ್ನದಲ್ಲ, ನನ್ನದು ಉಂಟಲ್ಲ."

ಆ ದರ ನನಗೆ ಬಾಯಿಪಾಠ ಇರಲಿಲ್ಲ.
ಬರೆಯಲಿಕ್ಕೆ ಕ್ಯಾಲೆಂಡರಿನ ಹಾಳೆ ಹರಿದೆ,
ತಿಂಗಳಿಗೆ ಇನ್ನೂ ಒಂಬತ್ತು ದಿನ ಬಾಕಿ ಇತ್ತು.